ಹೊಳೆ ದಾಟಿಸಿದ ಮರಿ

ನಮ್ಮ ನಾಯಿ ಸತ್ತಾಗ ನನಗಿಂತ ಜೋರಾಗಿ ಅತ್ತವರು ನನ್ನ ಅತ್ತಿಗೆ, ಅಂದರೆ ನಮ್ಮ ಯಜಮಾನರ ಅಕ್ಕ. ಹೊಸನಗರದ ಕಡೆಯ ತಮ್ಮ ಊರಿನಿಂದ ಎರಡು ಬಸ್ಸು ಬದಲಿಸಿ ಸಾಗರದ ನಮ್ಮ ಮನೆಗೆ ಬಂದು, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಮನೆಮಗನ ಹಾಗಿತ್ತು ಎಂದಿದ್ದರು. ಮುದಿಯಾಗಿ, ಕಣ್ಣು ಮಂಜಾಗಿ, ಕೊನೆಗೆ ಅನ್ನವನ್ನೂ ಮೂಸದೆ ಹೋದ ನಾಯಿ ಅದು. ಅವರ ಅಳು ನೋಡಿ ನನಗೆ ನಿಜವಾಗಿಯೂ ಸಮಾಧಾನವಾಗಿತ್ತು.

ಇನ್ನು ನಾಯಿಯ ಸಹವಾಸ ಸಾಕು ಎಂದುಕೊಂಡಿದ್ದೆ. ಆದರೆ ಬಾಗಿಲು ತೆಗೆದರೆ ಕಾಲಿಗೆ ಏನೂ ತೊಡರುವುದಿಲ್ಲ, ಮಿಕ್ಕ ದೋಸೆ ಮಿಕ್ಕೇ ಇರುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ತಡೆಯಲಾರದೆ, ಊರಲ್ಲಿ ಅನಾಥ ನಾಯಿಗಳನ್ನು ಸಾಕುವ ಇಬ್ಬರು ಹುಡುಗಿಯರ ಶೆಡ್ಡಿಗೆ ಹೋದೆ. ಅಲ್ಲಿತ್ತು, ಕಂದು ಮೈಯ, ಎದೆಯ ಮೇಲೆ ಬಿಳಿ ಮಚ್ಚೆಯ ಹೆಣ್ಣು ನಾಯಿ. ಶರಾವತಿಯ ಸೇತುವೆ ದಾಟಿ ಸಾಗರಕ್ಕೆ ಬರುವ ರಸ್ತೆಯ ಪಕ್ಕ, ಬಾಯಿ ಕಟ್ಟಿದ ಗೊಬ್ಬರದ ಚೀಲದಲ್ಲಿ ಸಿಕ್ಕಿತಂತೆ. ಜೊತೆಗೆ ಇನ್ನೊಂದು ಮರಿಯೂ ಇತ್ತು, ಚೀಲ ಬಿಚ್ಚುವಷ್ಟರಲ್ಲಿ ಅದು ಸತ್ತಿತ್ತು. ಬದುಕಿದ್ದನ್ನು ಹುಡುಗಿಯರು ಸಾಕಿ, ಇಂಜೆಕ್ಷನ್ ಹಾಕಿಸಿ, ಮರಿಯಾಗದಂತೆ ಆಪರೇಷನ್ ಮಾಡಿಸಿದ್ದರು. ಅವತ್ತೇ ಆಟೋದಲ್ಲಿ ಮನೆಗೆ ಕರೆತಂದೆ.

ನಮ್ಮ ಕಡೆ ಇದೊಂದು ಪದ್ಧತಿ. ಯಾರ ಮನೆಯಲ್ಲಾದರೂ ನಾಯಿ ಮರಿ ಹಾಕಿದರೆ, ಗಂಡಿದ್ದರೆ ಒಂದು ನಮಗಿರಲಿ ಎಂದು ಆಸುಪಾಸಿನವರು ಹೇಳಿಟ್ಟು ಹೋಗುತ್ತಾರೆ. ಹೆಣ್ಣು ಮರಿ ಕೇಳುವವರಿಲ್ಲ. ಅವನ್ನು ಚೀಲಕ್ಕೆ ತುಂಬಿ ಹೊಳೆ ದಾಟಿಸಿ ಬಿಡುತ್ತಾರೆ. ಹೊಳೆ ದಾಟಿದರೆ ವಾಸನೆ ಹಿಡಿದು ವಾಪಸ್ಸು ಬರುವುದಿಲ್ಲವಂತೆ, ಕೈಯಾರೆ ಕೊಂದ ಪಾಪವೂ ತಟ್ಟುವುದಿಲ್ಲವಂತೆ. ದೇವರಿಗೆ ಸೇತುವೆಯ ಆಚೆ ಕಣ್ಣು ಕಾಣುವುದಿಲ್ಲ ಎಂದು ಇವರಿಗೆ ಹೇಳಿದವರು ಯಾರೋ!

ನಮ್ಮ ಮನೆಗೆ ಬಂದವರೆಲ್ಲ ಮೊದಲು ಕತ್ತು ಬಗ್ಗಿಸಿ ಅದರ ಬಾಲದ ಕೆಳಗೆ ನೋಡುತ್ತಿದ್ದರು. ಆಮೇಲೆ ಮುಖ ಹುಳ್ಳಗೆ ಮಾಡಿಕೊಂಡು, ಹೆಣ್ಣಾ, ಎನ್ನುತ್ತಿದ್ದರು. ತೀರ್ಥಹಳ್ಳಿಯಿಂದ ಬಂದ ನನ್ನ ಸ್ವಂತ ತಂಗಿಯೂ ಹಾಗೇ ಮಾಡಿದಳು. ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ಅವಳಿಗೆ ಕಾಫಿ ಕೊಟ್ಟೆನೇ ಹೊರತು ಮಾತಾಡಿಸಲಿಲ್ಲ.

ದೀಪಾವಳಿ ಕಳೆದ ಮೇಲೆ ಅತ್ತಿಗೆ ಬಂದರು. ಗೇಟು ತೆಗೆದಿದ್ದೇ ತಡ, ನಾಯಿ ಬಾಣದಂತೆ ಓಡಿತು. ಕಚ್ಚಿಬಿಡುತ್ತದೆಂದು ನಾನು ಹಿಂದೆಯೇ ಓಡಿದರೆ, ಅದು ಅವರ ಕಾಲಬುಡದಲ್ಲಿ ಹೊರಳಾಡುತ್ತಿದೆ, ಕೈ ನೆಕ್ಕುತ್ತಿದೆ, ನಾನು ಒಂದು ದಿನವೂ ಕೇಳದ ದನಿಯಲ್ಲಿ ಕುಂಯ್‌ಗುಟ್ಟುತ್ತಿದೆ. ಅತ್ತಿಗೆ ಎದೆಯ ಮಚ್ಚೆಯನ್ನು ಬೆರಳಲ್ಲಿ ಮುಟ್ಟಿ ನೋಡಿದರು.

"ಇದು ನಮ್ಮನೆ ಮರಿ ಅಲ್ದಾ? ಹೊಳೆ ದಾಟ್ಸಿದ್ವಲ್ಲ, ಇಲ್ಲಿಗೆ ಹೆಂಗ್ ಬಂತೇ?"

ಮುಖದಲ್ಲಿ ಅಳುಕಿಲ್ಲ, ದನಿಯಲ್ಲಿ ನಾಚಿಕೆಯಿಲ್ಲ. ಮೂರ್ನಾಲ್ಕು ತಿಂಗಳು ಸಾಕಿದರೂ ಯಾರೂ ಕೇಳಲಿಲ್ಲವಂತೆ, ಅದಕ್ಕೇ ಬಿಟ್ಟರಂತೆ. ಜೊತೆಗಿದ್ದ ಇನ್ನೊಂದು ಮರಿ ಚೀಲದಲ್ಲೇ ಸತ್ತಿತು ಎಂದೆ. ಪಾಪ, ಎಂದು ಅಡಿಕೆ ಹೋಳು ಬಾಯಿಗೆ ಹಾಕಿಕೊಂಡರು. ಸತ್ತ ನನ್ನ ಹಳೆಯ ನಾಯಿಗೆ ಅತ್ತ ಕಣ್ಣು ಇದೇ ಏನು ಎಂದು ನೋಡುತ್ತಾ ನಿಂತೆ. ಆ ನಾಯಿ ಗಂಡಾಗಿತ್ತು.

ಊಟದ ಹೊತ್ತಿಗೆ ಶೆಡ್ಡು, ಆಪರೇಷನ್ನು ಎಲ್ಲವನ್ನೂ ಕೇಳಿ ತಿಳಿದುಕೊಂಡರು. ಹೊರಡುವಾಗ ಅತ್ತಿಗೆ ನಿಧಾನಕ್ಕೆ ಬಾಯಿ ಬಿಟ್ಟರು. ಮಂಗಗಳು ಬಾಳೆಗೊನೆ ಒಂದನ್ನೂ ಉಳಿಸುತ್ತಿಲ್ಲ, ಅವರಿಗೊಂದು ನಾಯಿ ಬೇಕೇ ಬೇಕು. "ಹೆಂಗೂ ಆಪರೇಷನ್ ಆಗಿದ್ಯಲ್ಲ, ಇನ್ನು ಮರಿ ಕಾಟ ಇಲ್ಲ. ನಮಗೇ ಕೊಡು, ಕರ್ಕಂಡ್ ಹೋಗ್ತೀನಿ. ನಮ್ಮನೇದೇ ಅಲ್ದಾ."

ಮೈಯೆಲ್ಲ ಉರಿದುಹೋಯಿತು. ಕೊಡುವುದಿಲ್ಲ ಎನ್ನಲು ಹೊರಟೆ. ಅಷ್ಟರಲ್ಲಿ ಅತ್ತಿಗೆ ಬಾ ಬಾ ಎಂದು ಕರೆಯುತ್ತಾ ಗೇಟು ದಾಟಿದರು, ನಾಯಿ ಬಾಲ ಆಡಿಸುತ್ತಾ ಅವರ ಹಿಂದೆ ನಡೆಯಿತು. ಜಗಲಿಯಲ್ಲಿ ನಿಂತಿದ್ದ ನಮ್ಮ ಯಜಮಾನರಿಗೆ ಅಕ್ಕನ ಎದುರು ಯಾವಾಗಲೂ ನ್ಯಾಯ ಜಾಸ್ತಿ. ಅದಕ್ಕೆ ಎಲ್ಲಿ ಇಷ್ಟವೋ ಅಲ್ಲಿಗೇ ಹೋಗಲಿ ಬಿಡು ಎಂದರು.

"ಚೀಲಕ್ಕೆ ಹಾಕೋವಾಗ ಅದ್ರ ಇಷ್ಟ ಯಾರಾದ್ರೂ ಕೇಳಿದ್ರಾ?"

ಹಾಗೆಂದವಳೇ ರಸ್ತೆಗೆ ಹೋಗಿ, ಅತ್ತಿಗೆಯ ಮುಂದೆಯೇ ನಾಯಿಯ ಬೆಲ್ಟು ಹಿಡಿದು ಒಳಗೆ ಎಳೆದುಕೊಂಡು ಬಂದು ಚಿಲಕ ಹಾಕಿದೆ. ಇಷ್ಟು ವರ್ಷದಲ್ಲಿ ಅವರನ್ನು ಬಸ್‌ಸ್ಟ್ಯಾಂಡಿನವರೆಗೆ ಬಿಟ್ಟುಬರದೆ ಇದ್ದದ್ದು ಅದೇ ಮೊದಲು.

ಅವರು ತಿರುವಿನಲ್ಲಿ ಮರೆಯಾದ ಮೇಲೂ ನಾಯಿ ಗೇಟಿನ ಸಂದಿಗೆ ಮೂಗು ತೂರಿಸಿ ಅಳುತ್ತಿತ್ತು. ನನಗೆ ಹೊಟ್ಟೆಯುರಿಯಿತು, ಸುಳ್ಳೇಕೆ ಹೇಳಲಿ. ಆದರೂ ಪಕ್ಕದಲ್ಲೇ ಕೂತೆ. ಅಳಲಿ, ಎಷ್ಟು ಬೇಕಾದರೂ ಅಳಲಿ. ಕ್ಷಮಿಸುವುದು ನಾಯಿಯ ಗುಣ, ನಾನು ನಾಯಿಯಲ್ಲ.