ಆಪರೇಟರಮ್ಮನ ಕಿವಿ

ಆಪರೇಟರಮ್ಮನ ಕಿವಿ ಕೆಟ್ಟಿದೆ ಎಂದು ತೀರ್ಮಾನಿಸಿದವನು ಅವರ ಮಗ. ಮನೆಗೆ ಹೋಂ ಥಿಯೇಟರ್ ಬಂದಾಗಿನಿಂದ ಅಮ್ಮ ಸಿನಿಮಾ ನೋಡುವಾಗ ಮಾತುಮಾತಿಗೂ "ಏನಂದ? ಏನಂದ?" ಎನ್ನುತ್ತಿದ್ದರು. ಮಗ ಕಿವಿ ಡಾಕ್ಟರಿಂದ ಗುರುವಾರಕ್ಕೆ ಚೀಟಿ ಬರೆಸಿಕೊಂಡು ಬಂದ. ಅದನ್ನು ಕೈಗಿಟ್ಟು, ಗಂಟಲು ಹರಿಯುವಂತೆ ಕೂಗಿ ವಿವರಿಸಿದ. ಅಮ್ಮನ ಮೈಯೆಲ್ಲ ಉರಿದುಹೋಯಿತು.

ಉರಿಯದೆ ಇನ್ನೇನು? ಇಪ್ಪತ್ತೆಂಟು ವರ್ಷ ಚಿತ್ರಮಂದಿರದಲ್ಲಿ ಪ್ರೊಜೆಕ್ಟರ್ ನಡೆಸಿದ ಹೆಂಗಸು. ಹೆಣ್ಣಿಗ್ಯಾಕೆ ಮಷೀನು ಎಂದ ಮ್ಯಾನೇಜರನಿಗೇ ಸೊಪ್ಪು ಹಾಕಿದವರಲ್ಲ. ಹೊಸ ಸಿನಿಮಾ ಬಂದಾಗಲೆಲ್ಲ ಖಾಲಿ ಹಾಲಿನಲ್ಲಿ ಓಡಲು ಬಿಟ್ಟು, ನಾಲ್ಕು ಮೂಲೆಯ ಕುರ್ಚಿಗಳಲ್ಲೂ ಕೂತು ಕೇಳಿ ಬರುತ್ತಿದ್ದರು. ನಗುವವರಿಗೆ "ಮೂಲೆಯವ್ನೂ ಟಿಕೆಟ್ ತಗೊಂಡೇ ಬಂದಿರ್ತಾನೆ ಕಣ್ರೀ" ಎನ್ನುತ್ತಿದ್ದರು.

ಪಾತ್ರಗಳ ಮಾತೆಲ್ಲ ಹೊರಡುವುದು ನಡುವಿನ ಸ್ಪೀಕರಿನಿಂದ. ಈ ಮನೆಯಲ್ಲಿ ಆ ಸ್ಪೀಕರು ಎಲ್ಲಿತ್ತು? ಟಿವಿ ಕೆಳಗಿನ ಶೋಕೇಸಿನ ಒಳಗೆ, ನೆಲದಿಂದ ಒಂದು ಗೇಣು ಮೇಲೆ, ಧೂಳು ಕೂರಬಾರದೆಂದು ಗಾಜಿನ ಬಾಗಿಲು ಹಾಕಿಸಿಕೊಂಡು! ಸೋಫಾದ ಹಿಂದಿರಬೇಕಾದ ಎರಡು ಸ್ಪೀಕರುಗಳೂ ಚೆಂದ ಕಾಣಲೆಂದು ಟಿವಿ ಪಕ್ಕದಲ್ಲೇ ನಿಂತಿದ್ದವು. ಅಮ್ಮ ಇದನ್ನು ಮೊದಲ ದಿನವೇ ಹೇಳಿದ್ದರು. "ನಿನ್ನ ಕಾಲ ಬೇರೆ ಅಮ್ಮ, ಇದೆಲ್ಲ ಡಿಜಿಟಲ್" ಎಂದು ಮಗ ನಕ್ಕಿದ್ದ.

ಬುಧವಾರ ಮಗ ಕೆಲಸಕ್ಕೆ ಹೋದದ್ದೇ ತಡ, ಆಪರೇಟರಮ್ಮ ಶೋಕೇಸಿನ ಮುಂದೆ ಕಾಲು ಚಾಚಿ ಕೂತು ಗಾಜಿನ ಬಾಗಿಲು ತೆರೆದರು.

"ಬೇಡ ಅತ್ತೆ, ಅವರು ಬೈತಾರೆ" ಎಂದಳು ಸೊಸೆ.

"ಬೈಯ್ಲಿ ಬಿಡು. ಹೇಗಿದ್ರೂ ನಂಗೆ ಕೇಳ್ಸಲ್ವಲ್ಲ!"

ಸೊಸೆಗೆ ನಗು ತಡೆಯಲಾಗಲಿಲ್ಲ. ವೈರು ಹಿಡಿಯಲು ಅವಳೂ ಕೂತಳು. ಇಬ್ಬರೂ ಸೇರಿ ಎರಡು ಸ್ಪೀಕರುಗಳನ್ನು ಸೋಫಾದ ಹಿಂದಕ್ಕೆ ಸಾಗಿಸಿದರು. ನಡುವಿನದನ್ನು ಹೊರಗೆಳೆದು ಶೋಕೇಸಿನ ಮೇಲೆ, ಅಂಚಿಗೆ ಸರಿಯಾಗಿ ಕೂರಿಸಿದರು. ಆದರೂ ಅದರ ಮುಖ ಕೂತವರ ಮಂಡಿ ನೋಡುತ್ತಿತ್ತು, ಕಿವಿಯನ್ನಲ್ಲ. ಮುಂದಿನ ಅಂಚನ್ನು ಒಂದಿಷ್ಟು ಎತ್ತಬೇಕು. ಆಪರೇಟರಮ್ಮ ಸುತ್ತಮುತ್ತ ಕಣ್ಣಾಡಿಸಿದರು. ದಪ್ಪ ಕಾಗದವೊಂದು ಕೈಗೆ ಸಿಕ್ಕಿತು. ನಾಲ್ಕು ಮಡಿಕೆ ಮಡಿಸಿ ಅಡಿಗೆ ತುರುಕಿದರು.

ಸಂಜೆ ಮಗ ಬಂದು, ಹೋದ ವಾರ ಅರ್ಧಕ್ಕೆ ಬಿಟ್ಟ ಸಿನಿಮಾವನ್ನು ಮೊದಲಿಂದ ಹಾಕಿದ. ಎಂದಿನಂತೆ ವಾಲ್ಯೂಮ್ ನಲವತ್ತು. ಮೊದಲ ಮಾತಿಗೇ ಬೆಚ್ಚಿಬಿದ್ದು ಇಪ್ಪತ್ತಕ್ಕಿಳಿಸಿದ. ನಾಯಕಿ ಬಾಗಿಲ ಬಳಿ ನಿಂತು ಪಿಸುಗುಟ್ಟಿದಳು.

"ಅರೆ, ಅವಳು ಹೇಳಿದ್ದು 'ಹೋಗ್ಬೇಡ' ಅಂತಾನಾ?" ಎಂದ ಮಗ. "ಹೋದ ವಾರ ಸುಮ್ನೆ ಗೊಣಗಿದ್ಳು ಅಂದ್ಕೊಂಡಿದ್ದೆ."

ಅವನು ಸ್ಪೀಕರುಗಳನ್ನು ಒಂದೊಂದಾಗಿ ನೋಡಿದ. ಎಲ್ಲ ಅರ್ಥವಾಯಿತು, ಆದರೂ ಜಂಬ ಬಿಡಬೇಕಲ್ಲ. "ಅಮ್ಮಾ! ನಾಳೆ ಡಾಕ್ಟರು! ಚೀಟಿ ಎಲ್ಲಿ?" ಎಂದು ಕೂಗಿದ.

"ಕಿರುಚ್ಬೇಡ, ಕೇಳ್ಸುತ್ತೆ. ಚೀಟಿ ಆ ನಡುವಿನ ಸ್ಪೀಕರ್ ಅಡೀಲಿದೆ, ಹಾಗೇ ಇರ್ಲಿ" ಎಂದರು ಆಪರೇಟರಮ್ಮ, ಪರದೆಯಿಂದ ಕಣ್ಣು ಕೀಳದೆ. "ನಿನ್ನ ಹೆಸ್ರಿಗೆ ಇನ್ನೊಂದು ಚೀಟಿ ಬರೆಸ್ಕೋ. ಹೋದ ವಾರ ಆ ಹುಡುಗಿ ಮಾತು ನಿಂಗೂ ಕೇಳಿಸ್ಲಿಲ್ಲ. ಕೇಳಿಸ್ತಿಲ್ಲ ಅಂತ ಹೇಳಿದ್ದು ಮಾತ್ರ ನಾನು."