ದೊಡ್ಡಮ್ಮ ಬರೆದ ಬಣ್ಣದ ಕಿಟಕಿ

ಮಧುಗಿರಿಯ ಸಣ್ಣದೊಂದು ದವಾಖಾನೆಯಲ್ಲಿ ನರ್ಸಾಗಿ ಸೇರಿದ ಮೇಲೆ ನಾನು ದೊಡ್ಡಮ್ಮನ ಮನೆಯಲ್ಲಿದ್ದೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡಿದ್ದ ಅವಳು ಗಾಜಿನ ಮೇಲೆ ದೇವರ ಚಿತ್ರ ಬರೆಯುತ್ತಿದ್ದಳು. ಬರೆಯುವುದು ಗಾಜಿನ ಹಿಂಬದಿಗೆ. ಮೊದಲು ಕಣ್ಣಿನ ಗೆರೆ, ಮೂಗುತಿ, ಆಮೇಲೆ ಮೈಬಣ್ಣ, ಹಿನ್ನೆಲೆ ಎಲ್ಲಕ್ಕಿಂತ ಕೊನೆಗೆ. ಗಾಜು ಮಗುಚಿದರೆ ಕೃಷ್ಣ ಬೆಣ್ಣೆ ಹಿಡಿದು ನಗುತ್ತಿದ್ದ. ಸಿರಾದ ಸಾಬರೊಬ್ಬರು ಅವಕ್ಕೆ ಕಟ್ಟು ಹಾಕಿಕೊಡುತ್ತಿದ್ದರು. ಜನ ಮದುವೆಗೆ ಉಡುಗೊರೆ ಕೊಡಲು ಕೊಂಡೊಯ್ಯುತ್ತಿದ್ದರು. ಚಿತ್ರ ಹಸೆಮಣೆಯವರೆಗೂ ಹೋಗುತ್ತಿತ್ತು, ಬರೆದವಳನ್ನು ಮಾತ್ರ ಯಾರೂ ಕರೆಯುತ್ತಿರಲಿಲ್ಲ.

ನಮ್ಮ ಡಾಕ್ಟರಮ್ಮ ಗ್ರೀಸ್ ದೇಶದವರು. ದವಾಖಾನೆಗೆ ಅಂಟಿದ ಪ್ರಾರ್ಥನೆ ಕೋಣೆಯಲ್ಲಿ ಅವರು ಮರದ ಹಲಗೆಯ ಮೇಲಿದ್ದ, ಕ್ರೈಸ್ತರು ಪೂಜಿಸುವ ತಾಯಿ-ಮಗುವಿನ ಚಿತ್ರವೊಂದನ್ನು ಇಟ್ಟಿದ್ದರು. ಒಂದು ಸಂಜೆ ನನ್ನನ್ನು ನೋಡಲು ಬಂದ ದೊಡ್ಡಮ್ಮ ಅದರ ಮುಂದೆ ನಿಂತೇಬಿಟ್ಟಳು. ಹಿನ್ನೆಲೆಯೆಲ್ಲ ಚಿನ್ನ. ಮುಂದೆ ಹಚ್ಚಿಟ್ಟ ದೀಪದ ಕುಡಿ ಅಲ್ಲಾಡಿದಂತೆಲ್ಲ ಆ ದೊಡ್ಡ ಕಣ್ಣುಗಳು ಉಸಿರಾಡಿದಂತೆ ಕಾಣುತ್ತಿದ್ದವು.

"ಈಯಮ್ಮನೂ ನನ್ನಂಗೇ ತಲೆತುಂಬ ಸೆರಗು ಹೊದ್ಕಂಡವ್ಳೆ ಕಣಮ್ಮ. ಹಣೆ ಬರಿದು. ಆದ್ರೆ ನೋಡು, ಸೆರಗಿನ ಮೇಲೆ ಚುಕ್ಕಿ ಬರ್ದವ್ರೆ."

ಡಾಕ್ಟರಮ್ಮ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದರು. "ಬೈಜಾಂಟಿಯಂ ಅಂತ ಒಂದು ಹಳೇ ರಾಜ್ಯ ಇತ್ತು ಅಮ್ಮ. ಇದು ಅಲ್ಲಿಯ ರೀತಿ. ಇದರಲ್ಲಿ ಬೆಳಕು ಚಿನ್ನಕ್ಕೆ ತಾಗಿ ನಮ್ಮ ಕಡೆ ಬರುತ್ತೆ. ಆಮೇಲೆ ಪಶ್ಚಿಮದವರು ಇಂಥ ಮುಖಗಳನ್ನೇ ನೋಡಿ ಕಿಟಕಿ ಗಾಜಿನ ಮೇಲೂ ಬರೆದರು. ಅಲ್ಲಿ ಬೆಳಕು ಮುಖದೊಳಗಿಂದಲೇ ಬರುತ್ತೆ." ಕೋಣೆಯ ಮೂಡಲ ಕಿಟಕಿ ತೋರಿಸಿ ಕೇಳಿದರು, "ನೀವು ಗಾಜಿನ ಮೇಲೆ ಬರೀತೀರಂತಲ್ಲ, ಇದಕ್ಕೂ ಬರೆದುಕೊಡ್ತೀರಾ?"

"ನಿಮ್ ದೇವ್ರ ಕೋಣೆಗೆ ನಾನು ಬರೀಬೌದಾ?"

"ನೀವೇ ಬರೀಬೇಕು."

ಆ ಬೇಸಿಗೆಯೆಲ್ಲ ನಮ್ಮ ಪಡಸಾಲೆಯಲ್ಲಿ ಆ ತಾಯಿ ಗಾಜಿನ ಮೇಲೆ ಮಲಗಿದ್ದಳು. ಬಣ್ಣದ ವಾಸನೆ ನನ್ನ ನಿದ್ದೆಯೊಳಕ್ಕೂ ಬರುತ್ತಿತ್ತು. ಬರೆದು ಮುಗಿಸಿ ನಾವಿಬ್ಬರೂ ಗಾಜನ್ನು ಬಿಸಿಲಿಗೆ ಎತ್ತಿ ಹಿಡಿದೆವು. ಚಿತ್ರವೇ ಇಲ್ಲ, ಬರೀ ಕಪ್ಪು ನೆರಳು! ದೊಡ್ಡಮ್ಮನ ಬಣ್ಣ ದಪ್ಪ, ಹಿಂದೆ ಹಚ್ಚಿದ ಚಿನ್ನದ ರೇಕು ಅದಕ್ಕಿಂತ ಗಟ್ಟಿ. ಬೆಳಕು ನುಸುಳಲು ದಾರಿಯೇ ಇರಲಿಲ್ಲ. ಅವಳು ಉಗುರಿನಿಂದ ರೇಕನ್ನು ಕೆರೆದು ನೋಡಿದಳು. "ಬೆಳಕು ಬುಡೋದು ನಂಗೆ ಗೊತ್ತೇ ಇಲ್ವಲ್ಲೇ," ಅಂದಳು.

ಮರುದಿನ ಬಸ್ಸು ಹತ್ತಿ ಸಿರಾಕ್ಕೆ ಹೋದೆವು. ಸಾಬರು ಗಾಜನ್ನು ತಿರುಗಿಸಿ ತಿರುಗಿಸಿ ನೋಡಿದರು. "ಬಣ್ಣಾನ ವಾರ್ನಿಶ್‌ನಾಗೆ ಪತ್ಲಾ ಮಾಡ್ಕಳಿ ಅಮ್ಮಾ, ಶರಬತ್ತಿನಂಗೆ. ರೇಕಿನ ಆಸೆ ಬಿಡಿ," ಎಂದು ಹೊಸ ಗಾಜು ಕೊಯ್ದುಕೊಟ್ಟರು.

ದೊಡ್ಡಮ್ಮ ಮತ್ತೆ ಬರೆದಳು. ರೇಕಿನ ಜಾಗದಲ್ಲಿ ತೆಳುವಾದ ಹಳದಿ, ಸೆರಗಿಗೆ ನೀರಿನಂಥ ನೀಲಿ. ಕಿಟಕಿಗೆ ಕೂರಿಸಿದ ಮೇಲೆ ಬೆಳಗಿನ ಹೊತ್ತು ಡಾಕ್ಟರಮ್ಮನೂ ಸೇರಿ ನಾವು ಮೂವರೂ ನೆಲದ ಮೇಲೆ ಕೂತು ಕಾದೆವು. ಬೆಟ್ಟದ ಬಂಡೆಯ ಪಕ್ಕದಿಂದ ಬಿಸಿಲು ಬಂತು. ಮೊದಲು ಚುಕ್ಕಿ ಹೊತ್ತಿಕೊಂಡಿತು, ಆಮೇಲೆ ಮುಖ. ನೀಲಿ ನಿಧಾನವಾಗಿ ಗೋಡೆ ಇಳಿದು ದೊಡ್ಡಮ್ಮನ ಬಿಳಿ ಸೀರೆಗೆ ಬಂದಾಗ ಅವಳು ಸೆರಗನ್ನು ಹರವಿಕೊಂಡು ಹಾಗೇ ಕೂತಿದ್ದಳು.

ಹೆರಿಗೆಗೆ ಬಂದ ಹೆಂಗಸರು ಅಲ್ಲಿಗೆ ಹೋಗತೊಡಗಿದರು. ಬಡವನಹಳ್ಳಿ ಕಡೆಯ ಒಬ್ಬಳು ಕೂಸಿಗೆ ಬಣ್ಣದ ಬಿಸಿಲು ತಾಗಿಸಬೇಕೆಂದು ಬಂದಾಗ ಅಲ್ಲೇ ಇದ್ದ ದೊಡ್ಡಮ್ಮ, ತಾನು ಎದುರಾಗಬಾರದೆಂದು ಎಂದಿನಂತೆ ಗೋಡೆಯತ್ತ ಸರಿದಳು.

"ಎಲ್ಲಿಗೋಗ್ತೀಯವ್ವಾ? ಬರ್ದೋಳು ನೀನೇ ಅಂತೆ, ನೀನೇ ಎತ್ಕ," ಅಂದಳು ಬಾಣಂತಿ.

ದೊಡ್ಡಮ್ಮ ಒಮ್ಮೆ ನನ್ನ ಮುಖ ನೋಡಿದಳು. ಆಮೇಲೆ ಕೈಗಳನ್ನು ಸೀರೆಗೆ ಒರೆಸಿಕೊಂಡು ಕೂಸನ್ನು ಎತ್ತಿಕೊಂಡಳು. ಅದು ಆಕಳಿಸಿ, ಅವಳ ಬೆರಳು ಹಿಡಿದು ನಿದ್ದೆಹೋಯಿತು.