ಗೋಣಿಯ ಅಡಿ ನೋಡುವ ಕುತ್ತಿಗೆ

“ತಲೆ ಕೆಳಗಿಡಿ ಅಣ್ಣಾ, ನಾನು ಯಂತ್ರ ಹಿಡಿದುಕೊಂಡು ಎಲ್ಲಿಗೂ ಓಡುವುದಿಲ್ಲ!” ಮುಳ್ಳೇರಿಯದ ಫಿಸಿಯೋಥೆರಪಿ ಕೋಣೆಯಲ್ಲಿ ಕವುಚಿ ಮಲಗಿದ್ದ ನನ್ನನ್ನು ಯಂತ್ರದಿಂದ ಶಾಖ ಕೊಡುತ್ತಿದ್ದ ಥೆರಪಿಸ್ಟ್ ಹುಡುಗಿ ಮೂರನೇ ಸಲ ಗದರಿದಳು. ಹತ್ತು ನಿಮಿಷದ ಶಾಖವನ್ನು ಏಳಕ್ಕೇ ಮುಗಿಸಿಯಾಳೆಂಬ ಗುಮಾನಿಯಿಂದ ಕತ್ತು ಹೊರಳಿಸಿ ಗಡಿಯಾರ ನೋಡುತ್ತಿದ್ದೆ. ಕುತ್ತಿಗೆ, ಬೆನ್ನು ನೋವಿನಿಂದ ಗೇರುಬೀಜದ ವ್ಯಾಪಾರವನ್ನೇ ಬಿಡುವ ಸ್ಥಿತಿ ನನ್ನದು.

“ಗೋಣಿಯ ಅಡಿಯಲ್ಲಿ ಹಾಳುಬೀಜ ಉಂಟಾ ಅಂತ ಹೀಗೇ ಬಗ್ಗಿ, ತಿರುಚಿ ಕೈ ಹಾಕುವುದಲ್ವಾ? ಮೇಜಿನ ಮೇಲೆ ಸುರಿದು ನೋಡಿ. ವ್ಯಾಯಾಮ ಮನೆಯಲ್ಲೇ ಮಾಡಿ, ದಿನಾ ಇಲ್ಲಿಗೆ ಬರುವುದು ಬೇಡ,” ಎಂದಳು, ನನ್ನ ಕೆಲಸ ಏನೆಂದು ಕೇಳಿ ತಿಳಿದಿದ್ದ ಆಕೆ.

ಬಂದ ಗಿರಾಕಿಯನ್ನು ಬೇಡವೆನ್ನುವವರುಂಟೇ? ಸಂಶಯದಿಂದ ಕಾಸರಗೋಡಿನಲ್ಲಿ ಇನ್ನೊಬ್ಬರಿಗೆ ತೋರಿಸಿದೆ. ಅವರೂ ಅದನ್ನೇ ಹೇಳಿದರು.

ಹಾಗೇ ಮಾಡಿದೆ; ಮೂರು ತಿಂಗಳಲ್ಲಿ ನೋವು ಹತೋಟಿಗೆ ಬಂತು, ವ್ಯಾಪಾರ ಉಳಿಯಿತು. ನೀವೂ ಫಿಸಿಯೋಥೆರಪಿಗೆ ಹೋದರೆ, ಮನೆಯಲ್ಲಿ ಏನು ಮಾಡಬೇಕೆಂದು ಮೊದಲ ದಿನವೇ ಕೇಳಿ. ಅದನ್ನು ಮುಚ್ಚಿಡದೆ ಕಲಿಸುವವರನ್ನು ನಂಬಬಹುದು.